ಎರ್ರಮ್ಮನ ಸಕ್ಕರೆ ಆರತಿ

ಕಂಪ್ಲಿಯ ಕೋಟೆ ಕಡೆಯ ಓಣಿಯಲ್ಲಿ ಹಂಪಮ್ಮನ ಮನೆ ಯಾವುದೆಂದು ಕೇಳಿದರೆ ಜನ ‘ಯಾವ ಹಂಪಮ್ಮ?’ ಎನ್ನುತ್ತಿದ್ದರು. ಸಕ್ಕರೆ ಹಂಪಮ್ಮ ಎಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ತನಕ ಬಂದು ತೋರಿಸಿ ಹೋಗುತ್ತಿದ್ದರು. ದೀಪಾವಳಿ ಕಳೆದು ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಆ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆ ಸೀಮೆಯ ಹೆಣ್ಣುಮಕ್ಕಳು ಗೌರಿಗೆ ಸಕ್ಕರೆ ಆರತಿ ಬೆಳಗುತ್ತಾರೆ. ಮರದ ಅಚ್ಚುಗಳಲ್ಲಿ ಪಾಕ ಹೊಯ್ದು ಗಿಳಿ, ನವಿಲು, ಬಸವಣ್ಣ, ತೇರು, ಕಳಸಗಳನ್ನು ಎರಕ ತೆಗೆದು, ತಟ್ಟೆಯಲ್ಲಿ ಜೋಡಿಸಿ, ನಡುವೆ ದೀಪ ಹಚ್ಚಿಕೊಂಡು ಸಂಜೆ ಗೌರಿಯ ಮುಂದೆ ಸಾಲಾಗಿ ನಿಲ್ಲುತ್ತಾರೆ. ಆ ಓಣಿಯ ಗೊಂಬೆಗಳೆಲ್ಲ ಹುಟ್ಟುತ್ತಿದ್ದದ್ದು ಹಂಪಮ್ಮನ ಒಲೆಯ ಮೇಲೆ.

ಹಂಪಮ್ಮ ಮದುವೆಯಾಗಿ ಬಂದಾಗ ಅವರದು ಮಳೆ ನಂಬಿದ ಜೋಳದ ಹೊಲ. ಆಗ ಒಂದು ಮನೆಗೆ ಒಂದು ಗಿಳಿ, ಒಂದು ಕಳಸ ಸಿಕ್ಕರೆ ಅದೇ ದೊಡ್ಡದು. ಡ್ಯಾಮು ಕಟ್ಟಿ ಕಾಲುವೆಗೆ ನೀರು ಬಿಟ್ಟ ಮೇಲೆ ಹೊಲ ಗದ್ದೆಯಾಯಿತು. ಭತ್ತದ ಪಕ್ಕದಲ್ಲಿ ಕಬ್ಬು ನಿಂತಿತು, ಕಬ್ಬಿನ ಪಕ್ಕದಲ್ಲಿ ಬಾಳೆ. ಓಣಿಯ ಗುಡಿಸಲುಗಳ ಮೇಲೆ ಹೆಂಚು ಬಂತು, ಹೆಂಚಿನ ಮನೆಗಳಿಗೆ ಮಾಳಿಗೆ ಬಂತು. ಅದರ ಜೊತೆಗೇ ಹುಡುಗಿಯರ ಆರತಿ ತಟ್ಟೆಗಳೂ ದೊಡ್ಡವಾದವು. ಮನೆಮನೆಯವರು ಸಕ್ಕರೆ ತಂದು ಹಂಪಮ್ಮನ ಕಟ್ಟೆಯ ಮೇಲಿಟ್ಟು ಹೋಗುವರು. ಗೊಂಬೆ ಮಾಡಿಕೊಟ್ಟದ್ದಕ್ಕೆ ಆಕೆ ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ.

ಆಕೆಯ ಒಬ್ಬಳೇ ಮಗಳು ಎರ್ರಮ್ಮ. ಎಸ್ಸೆಸ್ಸೆಲ್ಸಿ ಓದಿದ ಹುಡುಗಿ. ಲೆಕ್ಕದಲ್ಲಿ ಚುರುಕು, ನಡಿಗೆಯಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಒಲೆಯ ಮುಂದೆ ಕೂತು ಪಾಕ ತಿರುವುವ ತಾಳ್ಮೆ ಮಾತ್ರ ಆಕೆಗಿರಲಿಲ್ಲ. ನೆನೆಸಿಟ್ಟ ಅಚ್ಚುಗಳ ಎರಡು ಹೋಳುಗಳನ್ನು ಜೋಡಿಸಿ ದಾರ ಸುತ್ತಿ ಕೊಡುವುದು, ಎರಕ ಆರಿದ ಮೇಲೆ ದಾರ ಬಿಚ್ಚುವುದು, ಇಷ್ಟೇ ಆಕೆಯ ಪಾಲಿನ ಕೆಲಸ. ಅದು ಮುಗಿದ ಕೂಡಲೇ ಹೊರಗೆ ಓಡುತ್ತಿದ್ದಳು.

“ಪಾಕ ನೋಡೋದು ಕಲಿಯೇ ಎರ್ರವ್ವ,” ಎಂದರೆ, “ನೀ ಇದ್ದೀಯಲ್ಲ ಬೇ, ನಾ ಯಾಕ ಕಲೀಲಿ?” ಎನ್ನುತ್ತಿದ್ದಳು.

ಹಂಪಮ್ಮ ನಕ್ಕು ಪಾಕ ತಿರುವುತ್ತಿದ್ದಳು.

ಎರ್ರಮ್ಮನನ್ನು ಚನ್ನಯ್ಯನಿಗೆ ಕೊಟ್ಟರು. ಹೊಸಪೇಟೆಯಲ್ಲಿ ಲಾರಿ ಓಡಿಸಿಕೊಂಡಿದ್ದ ಚನ್ನಯ್ಯನಿಗೆ ದೋಣಿಮಲೈ ಗಣಿ ಶುರುವಾದಾಗ ಅಲ್ಲಿ ಸ್ಟಾಫ್ ಬಸ್ಸಿನ ಡ್ರೈವರ್ ಕೆಲಸ ಸಿಕ್ಕಿತು. ಸಂಡೂರಿನ ಗುಡ್ಡಗಳ ನಡುವೆ ಕಂಪನಿಯ ಕ್ವಾರ್ಟರ್ಸು, ನಲ್ಲಿ ನೀರು, ಕರೆಂಟು, ಮಗಳಿಗೆ ಶಾಲೆ. ಮಗಳ ಹೆಸರು ಪಂಪಾವತಿ. ಕರೆಯುವುದು ಪಂಪಿ ಎಂದು. ಎಲ್ಲವೂ ಇದ್ದ ಆ ಊರಿನಲ್ಲಿ ಇದ್ದ ಒಂದೇ ಕಾಟವೆಂದರೆ ಕೆಂಪು ಧೂಳು. ಒಣ ಹಾಕಿದ ಸೀರೆಯ ಮೇಲೆ, ಕಿಟಕಿಯ ಸರಳಿನ ಮೇಲೆ, ಮಲ್ಲಿಗೆ ಬಳ್ಳಿಯ ಎಲೆಯ ಮೇಲೆ ಅದಿರಿನ ಧೂಳು ಕೂತಿರುತ್ತಿತ್ತು. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೋದ ಚನ್ನಯ್ಯ ಸಂಜೆ ಇಟ್ಟಿಗೆ ಬಣ್ಣದ ಅಂಗಿಯಲ್ಲಿ ಬರುತ್ತಿದ್ದ.

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಕಂಪ್ಲಿಯಿಂದ ಕಂಪನಿಯ ಆಫೀಸಿಗೆ ಫೋನ್ ಬಂತು. ಹಂಪಮ್ಮ ಮಧ್ಯಾಹ್ನ ಉಂಡು, ತಲೆಬಾಗಿಲ ಗಾಳಿಗೆ ಒರಗಿಕೊಂಡವಳು ಏಳಲಿಲ್ಲ. ಹಾಸಿಗೆ ಹಿಡಿದಿರಲಿಲ್ಲ, ಒಂದು ದಿನವೂ ಜ್ವರ ಬಂದು ಮಲಗಿರಲಿಲ್ಲ. ಎರ್ರಮ್ಮ ಗಂಡ, ಮಗಳೊಂದಿಗೆ ಬಸ್ಸು ಬದಲಿಸಿ ಬದಲಿಸಿ ಕಂಪ್ಲಿ ಮುಟ್ಟುವಷ್ಟರಲ್ಲಿ ತಾಯಿಗೆ ವಿಭೂತಿ ಹಚ್ಚಿ, ಹೂ ಮುಡಿಸಿ ಗೋಡೆಗೆ ಕೂರಿಸಿದ್ದರು. ನಿದ್ದೆ ಬಂದವಳ ಹಾಗೆ ಕೂತಿದ್ದ ತಾಯಿಯನ್ನು ನೋಡುತ್ತ ಎರ್ರಮ್ಮ ನಿಂತೇ ಇದ್ದಳು. ಓಣಿಯೆಲ್ಲ ಗೊಳೋ ಎಂದು ಅತ್ತಿತು. ಆಕೆಯ ಕಣ್ಣಿಂದ ಒಂದು ಹನಿಯೂ ಬರಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಹೆಂಗಸರು, ‘ಎದಿ ಗಟ್ಟಿ ಮಾಡ್ಕೊಂಡಾಳ’ ಎಂದರು. ಗಟ್ಟಿ ಮಾಡಿಕೊಂಡಿರಲಿಲ್ಲ. ಒಳಗೆ ಏನೋ ಮುಚ್ಚಿಹೋಗಿತ್ತು, ಅದು ಎಲ್ಲಿ ತೆರೆಯುತ್ತದೆಂದು ಆಕೆಗೂ ಗೊತ್ತಿರಲಿಲ್ಲ.

ದೋಣಿಮಲೈಗೆ ಮರಳಿದ ಮೇಲೂ ಹಾಗೆಯೇ. ಎದ್ದು ಕಸ ಹೊಡೆಯುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಗಂಡನಿಗೆ ಬುತ್ತಿ ಕಟ್ಟುತ್ತಿದ್ದಳು. ಮಾಡಿದ ಪಲ್ಲೆಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಚನ್ನಯ್ಯ ಬಾಯಿ ಬಿಡದೆ ಉಂಡು ಏಳುತ್ತಿದ್ದ. ಪಂಪಿ ಮಾತ್ರ ಒಂದು ದಿನ ತಟ್ಟೆ ಸರಿಸಿ, “ಅವ್ವಾ, ಅಜ್ಜಿ ಸತ್ತಿದ್ದಕ್ಕ ಇನ್ನ ಮ್ಯಾಲ ನಾವು ಸಪ್ಪಂದ ಉಣ್ಣಬೇಕೇನು?” ಎಂದು ಕೇಳಿದಳು. ಮಗುವಿನ ಮಾತಿಗೆ ಚನ್ನಯ್ಯ ಗದರಿಸಿದ. ಎರ್ರಮ್ಮ ಉಪ್ಪಿನ ಡಬ್ಬಿ ತಂದು ಇಬ್ಬರ ನಡುವೆ ಇಟ್ಟು ಒಳಗೆ ಹೋದಳು.

ತಾಯಿ ತೀರಿದ ಮೇಲಿನ ಕಾರ್ಯ ಗಣಾರಾಧನೆಗೆ ಮತ್ತೆ ಕಂಪ್ಲಿಗೆ ಹೋದಾಗ ಅಣ್ಣ ತೋಟಪ್ಪನ ಹೆಂಡತಿ ಕೊಟ್ರಬಸಮ್ಮ ಅತ್ತೆಯ ಸೀರೆಗಳನ್ನು ಹಾಸಿಗೆಯ ಮೇಲೆ ಹರಡಿದಳು. ಒಳ್ಳೆಯ ಮನಸ್ಸಿನ ಹೆಂಗಸು.

“ನಿನಗೇನ ಬೇಕೋ ತಗೋ ಎರ್ರಮ್ಮ. ಮೊದಲು ನೀ ತಗೋ, ಆಮ್ಯಾಲ ಉಳದವ್ರು.”

“ಸೀರಿ ಬ್ಯಾಡ ಅತ್ತಿಗಿ. ಅವ್ವನ ಅಚ್ಚು ಎಲ್ಲದಾವ?”

ಕೊಟ್ರಬಸಮ್ಮ ಅಟ್ಟದ ಕಡೆ ಕೈ ತೋರಿಸಿದಳು. ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದ ಸಾಗುವಾನಿ ಅಚ್ಚುಗಳು ಕೆಳಗಿಳಿದವು. ತಲೆಮಾರುಗಳಿಂದ ನೀರು ಕುಡಿದು, ಸಕ್ಕರೆ ಕುಡಿದು, ಹುಣಸೆಬೀಜದ ಹಾಗೆ ಮಿರುಗುವ ಕಟ್ಟಿಗೆ.

“ಒಯ್ಯಿ. ನನಗಂತೂ ಆ ಪಾಕದ ತಾಪತ್ರಯ ಆಗಂಗಿಲ್ಲ,” ಎಂದಳು ಕೊಟ್ರಬಸಮ್ಮ. ಆಮೇಲೆ ದನಿ ತಗ್ಗಿಸಿ, “ಆದ್ರ ಈ ವರ್ಷ ನಮಗ ಹಬ್ಬ ಇಲ್ಲ, ನೆನಪೈತಲ್ಲ?” ಎಂದಳು.

“ನಮಗ ಇಲ್ಲ ಅತ್ತಿಗಿ. ನಮ್ಮ ಕ್ವಾರ್ಟರ್ಸಿನ ಹುಡುಗ್ಯಾರಿಗೆ ಐತಲ್ಲ.”

ಆ ಮಾತು ಹೇಗೆ ಬಾಯಿಗೆ ಬಂತೋ ಎರ್ರಮ್ಮನಿಗೇ ತಿಳಿಯಲಿಲ್ಲ. ಹೇಳಿ ಆಗಿತ್ತು.

ಮರುವಾರವೇ ಆಕೆ ಸಕ್ಕರೆ ತರಿಸಿದಳು. ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಬಾಗಿಲು ಮುಂದಕ್ಕೆಳೆದುಕೊಂಡು ಸ್ಟೋವಿನ ಮುಂದೆ ಕೂತಳು. ಮೊದಲ ಸಲ ಪಾಕ ಏರಿ ಕಂದು ಬಣ್ಣಕ್ಕೆ ತಿರುಗಿತು. ಎರಡನೆಯ ಸಲ ಹದ ಬರುವ ಮೊದಲೇ ಇಳಿಸಿ, ಅಚ್ಚು ಬಿಚ್ಚಿದರೆ ಒಳಗೆ ಗಿಳಿಯ ಬದಲು ಅಂಟು. ಇನ್ನೊಂದು ಸಲ ಅಚ್ಚು ನೆನೆಸುವುದನ್ನೇ ಮರೆತು ಸಕ್ಕರೆ ಕಟ್ಟಿಗೆಗೆ ಕಚ್ಚಿಕೊಂಡಿತು. ಕೆತ್ತನೆ ಹಾಳಾಗದ ಹಾಗೆ ಬಿಸಿನೀರು ಹುಯ್ದು ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ಪಕ್ಕದ ಮನೆಯ ಯಲ್ಲಕ್ಕ ವಾಸನೆ ಹಿಡಿದು ಬಂದಳು. ಗಾದಿಗನೂರಿನ ಕಡೆಯವಳು, ಆಕೆಯ ಗಂಡ ಗಣಿಯಲ್ಲಿ ಅದಿರು ಹೊರುವ ದೊಡ್ಡ ಲಾರಿ, ಡಂಪರ್ ಓಡಿಸುತ್ತಿದ್ದ.

“ಏನ್ ಸುಡಾಕತ್ತೀ ಅಕ್ಕಾ?”

“ನಮ್ಮವ್ವನ ಹೆಸರು ಸುಡಾಕತ್ತೀನಿ,” ಎಂದಳು ಎರ್ರಮ್ಮ, ಹಣೆಯ ಬೆವರು ಒರೆಸಿಕೊಂಡು.

ಯಲ್ಲಕ್ಕ ನಗಲಿಲ್ಲ. ಮಣೆ ಎಳೆದುಕೊಂಡು ಕೂತಳು. “ನಿಮ್ಮವ್ವ ಹೆಂಗ ಮಾಡ್ತಿದ್ಲು, ಹೇಳು.”

ಹೇಗೆ ಮಾಡುತ್ತಿದ್ದಳು? ಹಂಪಮ್ಮ ಯಾರಿಗೂ ಅಳತೆ ಹೇಳಿದವಳಲ್ಲ. ಎರ್ರಮ್ಮ ಕಣ್ಣು ಮುಚ್ಚಿ ಆ ಪಡಸಾಲೆಯನ್ನು ನೆನೆಸಿಕೊಂಡಳು. ಕುದಿಯುವ ಸಕ್ಕರೆ ನೀರಿಗೆ ಹಾಲು ಚಿಮುಕಿಸುತ್ತಿದ್ದಳು, ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತಿತ್ತು. ಅದನ್ನು ಬಟ್ಟೆಯಲ್ಲಿ ಸೋಸಿ, ನಾಲ್ಕು ಹನಿ ಲಿಂಬೆರಸ. ಮತ್ತೆ ಕುದಿ. ದೊಡ್ಡ ಪಾತ್ರೆಯಿಂದ ಒಂದೊಂದೇ ಸೌಟು ಸಣ್ಣ ಬೋಗುಣಿಗೆ ತೆಗೆದುಕೊಂಡು ಬಿರುಸಾಗಿ ತಿರುವುತ್ತಿದ್ದಳು. ಬಲಗೈಯ ಬಳೆಗಳು ಮೊದಲು ಸರಾಗವಾಗಿ ಘಲಘಲ ಎನ್ನುತ್ತಿದ್ದವು. ಪಾಕ ದಪ್ಪವಾದಂತೆ ಕೈ ನಿಧಾನವಾಗಿ ಬಳೆಯ ಸದ್ದೂ ತಡೆತಡೆದು ಬರುತ್ತಿತ್ತು. ಆಗ ಹಂಪಮ್ಮ, ‘ಹಾಂ, ಬಂತು, ಅಚ್ಚು ತಾ’ ಎನ್ನುತ್ತಿದ್ದಳು. ಅಚ್ಚು ಕೊಡುತ್ತಿದ್ದವಳು ತಾನೇ. ಆ ಸದ್ದಿಗೆ ಕಾದು ಕೂತು, ಸದ್ದು ಬದಲಾದ ಕೂಡಲೇ ಕೈ ಚಾಚುತ್ತಿದ್ದವಳು ತಾನೇ. ಪಾಕದ ಕಡೆ ಒಂದು ದಿನವೂ ನೋಡದಿದ್ದರೂ ಕಿವಿ ಎಲ್ಲ ಕೇಳಿಸಿಕೊಂಡಿತ್ತು.

ಎರ್ರಮ್ಮ ಕಣ್ಣು ತೆರೆದಳು. ಬೋಗುಣಿಗೆ ಪಾಕ ಹುಯ್ದುಕೊಂಡು ತಿರುವತೊಡಗಿದಳು. ಯಲ್ಲಕ್ಕ ಮುಂದೆ ಬಾಗಿ ನೋಡುತ್ತಿದ್ದಳು. ನೀರಿನಂತಿದ್ದ ಪಾಕ ಮಬ್ಬಾಯಿತು, ಮಬ್ಬು ಹಾಲಾಯಿತು, ಬಳೆಗಳ ಸದ್ದು ಒಡೆಯಿತು. “ಬಂತು,” ಎಂದಳು. ಸುರಿದಳು. ಆರಿದ ಮೇಲೆ ದಾರ ಬಿಚ್ಚಿ ಹೋಳು ಬೇರೆ ಮಾಡಿದರೆ ಒಳಗೆ ಒಂದು ಗಿಳಿ ಕೂತಿತ್ತು. ಬಾಲದ ತುದಿ ಮುರಿದಿತ್ತು, ಕೊಕ್ಕು ಸೊಟ್ಟಗಿತ್ತು. ಆದರೆ ಬೆಳ್ಳಗೆ, ಹಗುರಾಗಿ, ಕಂಪ್ಲಿಯ ಗಿಳಿಯೇ.

ಅದನ್ನು ಅಂಗೈ ಮೇಲೆ ಇಟ್ಟುಕೊಂಡಾಗ ಎರ್ರಮ್ಮನಿಗೆ ಅಳು ಬಂತು. ಇಷ್ಟು ದಿನ ಎಲ್ಲಿ ಕಟ್ಟಿಕೊಂಡಿತ್ತೋ, ಬಿಕ್ಕಿಬಿಕ್ಕಿ ಬಂತು. ಯಲ್ಲಕ್ಕ ಸ್ಟೋವು ಆರಿಸಿ, ಗಿಳಿಯನ್ನು ಆಕೆಯ ಕೈಯಿಂದ ಮೆಲ್ಲಗೆ ತೆಗೆದು ಮರದ ಹಲಗೆಯ ಮೇಲಿಟ್ಟು, ಆಕೆಯ ಬೆನ್ನ ಮೇಲೆ ಕೈಯಾಡಿಸುತ್ತ ಕೂತಳು. ಸಂಜೆ ಮನೆಗೆ ಬಂದ ಚನ್ನಯ್ಯನಿಗೆ ಊದಿದ ಕಣ್ಣುಗಳು ಕಾಣಿಸಿದವು. ತಟ್ಟೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಇತ್ತು, ಹದವಾಗಿ ಉಪ್ಪು, ಹುಳಿ, ಖಾರ. ಆತ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಆ ವರ್ಷದ ಗೌರಿ ಹುಣ್ಣಿಮೆಗೆ ದೋಣಿಮಲೈಯಲ್ಲಿ ಮೊದಲ ಸಲ ಸಕ್ಕರೆ ಆರತಿ ಎದ್ದಿತು. ಕ್ವಾರ್ಟರ್ಸಿನಲ್ಲಿ ತೆಲುಗಿನವರಿದ್ದರು, ತಮಿಳರಿದ್ದರು, ಎಲ್ಲೆಲ್ಲಿಂದಲೋ ಬಂದ ಇಂಜಿನಿಯರುಗಳ ಮನೆಯವರಿದ್ದರು. ಅವರ ಮಕ್ಕಳಿಗೆ ಇದು ಹೊಸದು. ಎರ್ರಮ್ಮ ಜಾತಿ, ಭಾಷೆ ಕೇಳಲಿಲ್ಲ. ಹೆಣ್ಣುಮಗು ಎಂದರೆ ಒಂದು ತಟ್ಟೆ ಕೊಟ್ಟಳು. ಸಂಜೆ ಆ ಹುಡುಗಿಯರು ಹೊಸ ಲಂಗ ತೊಟ್ಟು ಗುಡಿಯ ಕಡೆ ಹೊರಟಾಗ ಕೆಂಪು ರಸ್ತೆಯ ಉದ್ದಕ್ಕೂ ಬಿಳಿಯ ಗೊಂಬೆಗಳು ದೀಪದ ಬೆಳಕಿಗೆ ಹೊಳೆದವು. ಸೂತಕದ ಮನೆಯವಳೆಂದು ಎರ್ರಮ್ಮ ಗುಡಿಗೆ ಹೋಗಲಿಲ್ಲ. ತನ್ನ ಬಾಗಿಲಲ್ಲೇ ನಿಂತಿದ್ದಳು. ಸಾಲು ಮುಗಿದು ಕೊನೆಯ ಹುಡುಗಿ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದಳು. ‘ಅವ್ವಾ, ನೋಡಿದ್ಯಾ?’ ಎಂದುಕೊಂಡಳು.

ಮರುದಿನ ಯಲ್ಲಕ್ಕನ ಕಿರಿಯ ಮಗಳು ಬಾಗಿಲಿಗೆ ಬಂದು ನಿಂತಳು.

“ಅತ್ತಿ, ನಿಮ್ಮತ್ರ ಡಂಪರ್ ಇಲ್ಲೇನ್ರಿ?”

“ಡಂಪರ್ ಎಲ್ಲಿಂದ ತರ್ಲೇ? ಗಿಳಿ ಐತಿ, ನವಿಲೈತಿ.”

“ಇಲ್ಲಿ ನವಿಲು ಯಾರ ನೋಡ್ಯಾರ್ರಿ? ಡಂಪರ್ ದಿನಾ ನೋಡ್ತೀವಿ.”

ಹುಡುಗಿ ಓಡಿಹೋದಳು. ಆ ಮಾತು ಹೋಗಲಿಲ್ಲ. ಎರ್ರಮ್ಮ ತಾಯಿಯ ಅಚ್ಚುಗಳನ್ನು ತೊಳೆದು ನೆರಳಲ್ಲಿ ಒಣಗಲು ಇಡುತ್ತ ಯೋಚಿಸಿದಳು. ಈ ಗಿಳಿ, ಈ ಬಸವಣ್ಣ, ಈ ಕಳಸ, ಇವನ್ನೂ ಯಾರೋ ಒಬ್ಬರು ತಮ್ಮ ಕಣ್ಣಿಗೆ ಬಿದ್ದದ್ದನ್ನು ನೋಡಿಯೇ ಕೆತ್ತಿರಬೇಕಲ್ಲ?

ಗಣಿಯ ವರ್ಕ್‌ಶಾಪಿನಲ್ಲಿ ಬಡಗಿ ಜಡೆಪ್ಪ ಇದ್ದ. ಚನ್ನಯ್ಯನ ಜೊತೆ ಮನೆಗೆ ಬಂದಾಗ ಎರ್ರಮ್ಮ ಚಹಾ ಕೊಟ್ಟು ವಿಷಯ ತೆಗೆದಳು. ಜಡೆಪ್ಪ ಕಪ್ಪು ಕೆಳಗಿಟ್ಟು ನಕ್ಕ.

“ಡಂಪರಿಗೆ ಆರತಿ ಬೆಳಗ್ತೀರೇನ್ರಿ ಅಕ್ಕಾರ?”

“ಆರತಿ ಗೌರಿಗೆ ಜಡೆಪ್ಪಣ್ಣ. ಡಂಪರ್ ನಮ್ಮ ಮಕ್ಕಳ ಬಾಯಿಗೆ.”

“ನಂಗ ಕುರ್ಚಿ, ಮೇಜು, ಕಿಟಕಿ ಗೊತ್ತು. ಇದು ನಾಜೂಕಿನ ಕೆಲಸ, ನನ್ನ ದಪ್ಪ ಕೈಗೆ ಬಗ್ಗಂಗಿಲ್ಲ. ಕಟ್ಟಿಗಿ ಕೊಡ್ತೀನಿ, ಸಣ್ಣ ಉಳಿ ಕೊಡ್ತೀನಿ. ನೀವ ಕೆತ್ರಿ.”

“ಹೆಂಗಸ್ರು ಉಳಿ ಹಿಡೀತಾರೇನು?” ಎಂದ ಚನ್ನಯ್ಯ.

“ರೊಟ್ಟಿ ಬಡಿಯೋ ಕೈಗೆ ಉಳಿ ಏನ್ ಭಾರ?” ಎಂದಳು ಎರ್ರಮ್ಮ.

ಜಡೆಪ್ಪ ರಜೆಯ ದಿನಗಳಲ್ಲಿ ಬಂದು ಹೇಳಿಕೊಟ್ಟ. ಗೊಂಬೆಯಲ್ಲಿ ಎಲ್ಲಿ ಉಬ್ಬು ಬೇಕೋ ಕಟ್ಟಿಗೆಯಲ್ಲಿ ಅಲ್ಲಿ ತಗ್ಗು ಮಾಡಬೇಕು. ಎಡಗಡೆ ಮುಖ ಮಾಡಬೇಕಾದದ್ದನ್ನು ಬಲಗಡೆಗೆ ಕೆತ್ತಬೇಕು. ಎರಡು ಹೋಳೂ ಕೂದಲೆಳೆ ಹೆಚ್ಚುಕಡಿಮೆ ಆಗದ ಹಾಗೆ ಕೂಡಬೇಕು. ಎರ್ರಮ್ಮ ಮೊದಲು ಕೆಡಿಸಿದ ಕಟ್ಟಿಗೆಗಳಿಂದ ಮನೆಯಲ್ಲಿ ಒಂದು ತಿಂಗಳು ನೀರು ಕಾಯಿತು. ಒಂದು ದಿನ ಜೋಳದ ಹಿಟ್ಟು ನಾದುತ್ತಿದ್ದಾಗ ಆಕೆಗೆ ಹೊಳೆಯಿತು. ಹಿಟ್ಟಿನ ಒಂದು ಉಂಡೆಯನ್ನು ಕೆತ್ತಿದ ತಗ್ಗಿನೊಳಗೆ ಒತ್ತಿ ತೆಗೆದಳು. ಒಳಗಿನ ಆಕಾರ ಹಿಟ್ಟಿನ ಮೇಲೆ ಎದ್ದು ಬಂತು. ಎಲ್ಲಿ ತಪ್ಪಿದೆ, ಎಲ್ಲಿ ಇನ್ನಷ್ಟು ಕೆರೆಯಬೇಕು ಎಲ್ಲ ಕಾಣಿಸಿತು. ಆಮೇಲೆ ಅಡುಗೆಯೂ ಕೆತ್ತನೆಯೂ ಒಂದೇ ಕಡೆ ನಡೆದವು. ಒಲೆಯ ಒಂದು ಪಕ್ಕ ರೊಟ್ಟಿಯ ಹಂಚು, ಇನ್ನೊಂದು ಪಕ್ಕ ಉಳಿ. ಕೆಲವು ದಿನ ಚನ್ನಯ್ಯನ ತಟ್ಟೆಗೆ ಡಂಪರಿನ ಗಾಲಿಯ ಗುರುತಿದ್ದ ರೊಟ್ಟಿಗಳೂ ಬಿದ್ದವು.

ಮರುವರ್ಷ ಹುಡುಗಿಯರ ತಟ್ಟೆಯಲ್ಲಿ ಡಂಪರ್ ಬಂತು. ಅದರ ಮರುವರ್ಷ ಕಾಲುವೆಯ ತೂಬಿನ ಮೇಲೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆ, ಗೊನೆ ಬಿಟ್ಟ ಬಾಳೆ, ಹಂಪಿಯ ಬಂಡೆಯ ಮೇಲೆ ಬಾಲ ಇಳಿಬಿಟ್ಟು ಕೂತ ಮಂಗ. ಗಂಡನಿಗೆ ಹೇಳದೆ ಸ್ಟಾಫ್ ಬಸ್ಸನ್ನೂ ಕೆತ್ತಿದಳು, ಸ್ಟೇರಿಂಗಿನ ಹಿಂದೆ ಒಂದು ಮೀಸೆಯ ತಲೆ. ಚನ್ನಯ್ಯ ಅದನ್ನು ತಿನ್ನದೆ, ಯಾರಿಗೂ ತಿನ್ನಗೊಡದೆ, ಇರುವೆ ಮುತ್ತುವ ತನಕ ಷೋಕೇಸಿನಲ್ಲಿ ಇಟ್ಟುಕೊಂಡಿದ್ದ. ಡ್ಯೂಟಿ ಮುಗಿಸಿ ಬಂದವರಿಗೆಲ್ಲ, “ಇವ ನಾನು, ನೋಡ್ರಿ,” ಎಂದು ತೋರಿಸುತ್ತಿದ್ದ.

ಇಷ್ಟೆಲ್ಲ ಕೆತ್ತುತ್ತಿದ್ದರೂ ಎರ್ರಮ್ಮನ ಮನಸ್ಸಿನಲ್ಲಿದ್ದದ್ದು ಬೇರೆಯೇ ಒಂದು ಗೊಂಬೆ. ಅದನ್ನು ಶುರು ಮಾಡಲು ಧೈರ್ಯ ಬರಲು ಮೂರ್ನಾಲ್ಕು ವರ್ಷ ಬೇಕಾಯಿತು. ಶುರು ಮಾಡಿದ ಮೇಲೂ ಮುಖ ಬರಲಿಲ್ಲ. ಎಷ್ಟು ಸಲ ಹಿಟ್ಟು ಒತ್ತಿ ತೆಗೆದರೂ ಯಾರೋ ಬೇರೆ ಹೆಂಗಸಿನ ಮುಖ. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಹಂಪಮ್ಮ ಹೆದರಿದವಳ ಹಾಗೆ ಸೆಟೆದು ನಿಂತಿದ್ದಳು, ಅದು ಅವ್ವನಲ್ಲ. ಎರ್ರಮ್ಮ ಕೊನೆಗೆ ಮುಖವನ್ನು ಬಿಟ್ಟುಬಿಟ್ಟಳು. ಬಾಗಿದ ಬೆನ್ನು ಕೆತ್ತಿದಳು. ಎಡಗಾಲು ಮಡಿಸಿ, ಬಲಮೊಣಕಾಲು ಎತ್ತಿ ಕೂರುವ ರೀತಿ, ಆ ಮೊಣಕಾಲಿಗೆ ಒತ್ತಿಕೊಂಡ ಬೋಗುಣಿ, ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಸೆರಗು, ಸೌಟು ಹಿಡಿದು ತುಸು ಮೇಲೆದ್ದ ಕೈ. ತಲೆಯನ್ನು ಬೋಗುಣಿಯ ಕಡೆಗೆ ಬಾಗಿಸಿಬಿಟ್ಟಳು, ಮುಖ ಕಾಣಿಸುವ ಅಗತ್ಯವೇ ಬೀಳಲಿಲ್ಲ.

ಎಂಬತ್ತನಾಲ್ಕರ ಗೌರಿ ಹುಣ್ಣಿಮೆಗೆ ಎರ್ರಮ್ಮ ಕಂಪ್ಲಿಗೆ ಹೊರಟಳು. ಗೊಂಬೆಗಳನ್ನು ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ, ಭತ್ತದ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಇಟ್ಟು, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಳು. ಅಣ್ಣನ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂಡಿದರು. ಹಂಪಮ್ಮನ ಓರಗೆಯ ತಾಯಕ್ಕ ಕೋಲೂರಿಕೊಂಡು ಬಂದು ನಡುವೆ ಕೂತಳು. ಹಂಪಮ್ಮ ಇದ್ದಷ್ಟು ವರ್ಷ ಪಾಕ ಸೋಸಿ ಕೊಡುತ್ತಿದ್ದದ್ದು ಈ ತಾಯಕ್ಕನೇ. ಈಗ ಕಣ್ಣು ಮಂಜಾಗಿತ್ತು, ನಾಲಿಗೆ ಮಾತ್ರ ಹರಿತವಾಗಿಯೇ ಇತ್ತು.

ಮೊದಲು ಬುಟ್ಟಿಯಿಂದ ಹೊರಬಂದದ್ದು ಬಸ್ಸು. ತಾಯಕ್ಕ ಅದನ್ನು ಕಣ್ಣ ಹತ್ತಿರ ಹಿಡಿದು, ಬೆರಳಾಡಿಸಿ ನೋಡಿದಳು.

“ಇದೇನ ಬೇ ಇದು? ಗೌರಿ ಮುಂದ ಮೋಟರ್ ಇಡ್ತಾರಾ? ನಿಮ್ಮವ್ವನ ಗಿಳಿ, ನವಿಲು ನಿನಗ ಸಾಲ್ದಾದ್ವೇನು?”

“ಗಿಳೀನೂ ತಂದೀನಿ ದೊಡ್ಡವ್ವ, ನವಿಲೂ ತಂದೀನಿ. ಗೌರಿನ್ನ ಗಂಡನ ಮನೀಗೆ ಕಳಸಬೇಕಲ್ಲ, ಪಾಪ, ಎಷ್ಟ ವರ್ಷ ಅಂತ ನಡಕೊಂಡ ಹೋಗ್ತಾಳ?”

ಹೆಂಗಸರೆಲ್ಲ ನಕ್ಕರು. ತಾಯಕ್ಕ ನಗು ತಡೆದುಕೊಂಡು, “ಬಾಯಿ ಮಾತ್ರ ಹಂಗ ಐತಿ,” ಎಂದಳು.

ಎರ್ರಮ್ಮ ಕೊನೆಯ ಗಂಟನ್ನು ಬಿಚ್ಚಿದಳು. ಒಳಗಿದ್ದ ಗೊಂಬೆಯನ್ನು ತಾಯಕ್ಕನ ಅಂಗೈ ಮೇಲೆ ಇಟ್ಟಳು. ಮುದುಕಿ ಮತ್ತೆ ಕಣ್ಣ ಹತ್ತಿರ ಹಿಡಿದಳು. ಬೆರಳು ಬಾಗಿದ ಬೆನ್ನ ಮೇಲೆ ಹರಿಯಿತು, ಮೊಣಕಾಲಿನ ಮೇಲೆ ನಿಂತಿತು, ಸೌಟಿನ ತನಕ ಹೋಗಿ ಹಿಂದೆ ಬಂತು.

“ಹಂಪೀ,” ಎಂದಳು ತಾಯಕ್ಕ. ಒಳಮನೆಯಲ್ಲಿದ್ದ ಯಾರನ್ನೋ ಹೊರಗೆ ಕರೆಯುವ ಹಾಗೆ ಕರೆದಳು. “ಏ, ಇಕಿ ನಮ್ಮ ಹಂಪಿ! ನೋಡ್ರೇ, ಮೊಣಕಾಲ ಎತ್ತಿಕೊಂಡ ಕುಂತಾಳ. ಎಷ್ಟ ಬೈದ್ರೂ ಹಂಗ ಕುಂದ್ರತಿದ್ಲು.”

ಗೊಂಬೆ ಕೈಯಿಂದ ಕೈಗೆ ಹೋಯಿತು. ನೋಡಿದವರೆಲ್ಲ ಗುರುತು ಹಿಡಿದರು. ತೋಟಪ್ಪ ಹೊಸ್ತಿಲಲ್ಲೇ ನಿಂತು ನೋಡಿ ಮುಖ ತಿರುಗಿಸಿಕೊಂಡು ಹಿತ್ತಲಿಗೆ ಹೋದ. ಎರ್ರಮ್ಮ ಎಲ್ಲರಿಗೂ ಒಂದೊಂದು ತಂದಿದ್ದಳು, ಓಣಿಯ ಯಾವ ಹುಡುಗಿಯ ತಟ್ಟೆಗೂ ಕಡಿಮೆಯಾಗದಷ್ಟು. ಆ ಸಂಜೆ ಗೌರಿಯ ಮುಂದೆ ಪ್ರತಿ ತಟ್ಟೆಯಲ್ಲಿ ಗಿಳಿ, ನವಿಲುಗಳ ನಡುವೆ ಒಬ್ಬ ಹೆಂಗಸು ಬೋಗುಣಿ ಹಿಡಿದು ಕೂತಿದ್ದಳು.

ಆರತಿ ಮುಗಿದು ಮಕ್ಕಳು ತಟ್ಟೆಗಳೊಂದಿಗೆ ಕಟ್ಟೆಯ ಮೇಲೆ ಕೂತರು. ಒಂದು ಪುಟ್ಟ ಹುಡುಗಿ ಹಂಪಮ್ಮನ ಗೊಂಬೆಯನ್ನು ಎತ್ತಿ ಬಾಯಿಯ ಹತ್ತಿರ ಒಯ್ದಳು. ಕೊಟ್ರಬಸಮ್ಮ ಗಾಬರಿಯಿಂದ ಕೈ ಹಿಡಿದಳು.

“ಏ, ಬ್ಯಾಡ! ಅದು ಅಜ್ಜಿ. ಅಜ್ಜೀನ್ನ ತಿಂತಾರೇನು? ಎರ್ರಮ್ಮ, ಇವನ್ನೆಲ್ಲ ತಗದು ದೇವರ ಜಗಲಿ ಮ್ಯಾಲ ಇಡೋಣು.”

ಎರ್ರಮ್ಮನಿಗೂ ಒಂದು ಕ್ಷಣ ಹಾಗೆಯೇ ಅನಿಸಿತು. ವರ್ಷಗಟ್ಟಲೆ ಕೆತ್ತಿದ್ದು, ಎಷ್ಟೋ ಸಲ ಕೆಡಿಸಿ ಮತ್ತೆ ಮಾಡಿದ್ದು. ಹುಡುಗಿ ಬೈಗುಳ ಬರುವುದೇನೋ ಎಂದು ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಅವ್ವ ತನ್ನ ಜೀವಮಾನದಲ್ಲಿ ಮಾಡಿದ ಒಂದು ಗೊಂಬೆಯಾದರೂ ಮರುದಿನದ ತನಕ ಉಳಿದಿತ್ತೇ? ಉಳಿದರೆ ಆಕೆಗೆ ಸಮಾಧಾನವಾಗುತ್ತಿತ್ತೇ? ‘ಯಾಕ, ಸಿಹಿ ಆಗಿಲ್ಲೇನು?’ ಎಂದು ಕೇಳುತ್ತಿದ್ದಳು.

“ಕೈ ಬಿಡು ಅತ್ತಿಗಿ,” ಎಂದಳು ಎರ್ರಮ್ಮ. “ತಿನ್ನಲಿ. ಅವ್ವ ಮಾಡ್ತಿದ್ದದ್ದ ತಿನ್ನಾಕ.”

ಹುಡುಗಿ ಸೌಟನ್ನು ಮೊದಲು ಕಡಿದಳು. ಕಟಂ ಎಂದು ಸದ್ದಾಯಿತು. ಆಮೇಲೆ ಉಳಿದ ಮಕ್ಕಳೂ ಶುರು ಮಾಡಿದರು. ಕಟ್ಟೆಯ ತುಂಬ ಸಕ್ಕರೆ ಕಡಿಯುವ ಸದ್ದು, ನಗು, ಬೆರಳು ನೆಕ್ಕುವುದು. ಎರ್ರಮ್ಮ ಅವರ ನಡುವೆ ಕೂತು ನೋಡಿದಳು. ಎದೆ ಹಗುರಾಗಿತ್ತು. ತಾಯಕ್ಕನಿಗೆ ಹಲ್ಲಿರಲಿಲ್ಲ, ತನ್ನ ಪಾಲಿನ ಗೊಂಬೆಯನ್ನು ಹಾಲಿನಲ್ಲಿ ಕರಗಿಸಿಕೊಂಡು ಕುಡಿದು, “ಪಾಕ ಹಂಪೀದ ಐತಿ. ಅಚ್ಚು ನಿಂದು,” ಎಂದು ತೀರ್ಪು ಕೊಟ್ಟಳು.

ಆಮೇಲೆ ಎರ್ರಮ್ಮನ ಹೆಸರು ಗುಡ್ಡ ಇಳಿದು ಸಂಡೂರು ದಾಟಿ ಹೊಸಪೇಟೆಗೆ ಬಂತು. ಗೌರಿ ಹುಣ್ಣಿಮೆಗೆ ಮುಂಚೆ ಎಲ್ಲೆಲ್ಲಿಂದಲೋ ಜನ ದೋಣಿಮಲೈಯ ಬಸ್ಸು ಹತ್ತಿ ಬರತೊಡಗಿದರು. ಯಲ್ಲಕ್ಕ ಪಾಕಕ್ಕೆ ಕೂತಳು, ಕ್ವಾರ್ಟರ್ಸಿನ ಇನ್ನೂ ಕೆಲವರು ಕಲಿತರು. ಜಡೆಪ್ಪ, ‘ಆ ಅಚ್ಚಿಗೆ ಕಟ್ಟಿಗಿ ನಂದ’ ಎಂದು ಹೋದಲ್ಲೆಲ್ಲ ಹೇಳಿಕೊಂಡ.

ತೊಂಬತ್ತರಲ್ಲಿ ಪಂಪಾವತಿಗೆ ಹೊಸಪೇಟೆಯ ಅಕ್ಕಿ ಗಿರಣಿಯವರ ಮನೆಯ ಮಗನ ಜೊತೆ ನಿಶ್ಚಯವಾಯಿತು. ನಿಶ್ಚಯವಾದ ಹೆಣ್ಣಿಗೆ ಮೊದಲ ಗೌರಿ ಹುಣ್ಣಿಮೆಯಲ್ಲಿ ಗಂಡಿನ ಮನೆಯವರು ಸೀರೆ, ಹೂವಿನ ಜೊತೆ ಸಕ್ಕರೆ ಆರತಿ ತರುವುದು ಅಲ್ಲಿಯ ಪದ್ಧತಿ. ಆರತಿಯ ಅಂದ ನೋಡಿ ಬೀಗರ ಮನಸ್ಸನ್ನು ಅಳೆಯುವವರೂ ಇದ್ದಾರೆ. ಹಬ್ಬಕ್ಕೆ ಇನ್ನೂ ವಾರವಿರುವಾಗ ಒಂದು ಮಧ್ಯಾಹ್ನ ಎರ್ರಮ್ಮನ ಬಾಗಿಲಲ್ಲಿ ಕಾರು ನಿಂತಿತು. ಇಳಿದವಳು ಆಗಲಿರುವ ಬೀಗಿತ್ತಿ ಚೆನ್ನಬಸಮ್ಮ. ಮುಖದಲ್ಲಿ ಬೆವರು, ಸಂಕೋಚ.

“ಬರ್ರಿ, ಕುಂದ್ರಿ. ಏನು, ಹೇಳದ ಕೇಳದ ಬಂದ್ರಿ?” ಎಂದಳು ಎರ್ರಮ್ಮ, ಚಾಪೆ ಹಾಸುತ್ತ.

ಚೆನ್ನಬಸಮ್ಮ ನೀರು ಕುಡಿದು, ಲೋಟ ತಿರುಗಿಸುತ್ತ ಕೂತಳು. “ಹೆಂಗ ಹೇಳ್ಲಿ ಬೀಗತಿ? ನಿಮ್ಮ ಮಗಳಿಗೆ ಆರತಿ ತರಬೇಕಲ್ಲ, ಚಲೋದ ಇರಬೇಕು ಅಂತ ಊರೆಲ್ಲ ಕೇಳಿದ್ವಿ. ಕೇಳಿದವ್ರೆಲ್ಲ ಒಂದ ಹೆಸರು ಹೇಳಿದ್ರು, ದೋಣಿಮಲೈ ಎರ್ರಮ್ಮ ಅಂತ. ಎರ್ರಮ್ಮ ಅನ್ನೋರು ಈ ಕಡೆ ಓಣಿಗೊಬ್ರು, ಬ್ಯಾರೆ ಯಾರೋ ಅಂತ ನಾನು ವಿಳಾಸ ಬರಸ್ಕೊಂಡೆ. ನೋಡಿದ್ರ ನಿಮ್ಮ ಮನಿ!”

ಒಳಗಿನಿಂದ ಪಂಪಾವತಿ ನಕ್ಕದ್ದು ಕೇಳಿಸಿತು. ಎರ್ರಮ್ಮನಿಗೂ ನಗು ತಡೆಯಲಾಗಲಿಲ್ಲ.

“ಬ್ಯಾರೆ ಕಡೆ ಮಾಡಿಸ್ಲೇನ್ರಿ?” ಎಂದಳು ಚೆನ್ನಬಸಮ್ಮ, ಇನ್ನೂ ಸಂಕೋಚದಲ್ಲಿ. “ಹೆಣ್ಣಿನವ್ರ ಕೈಲೇ ಮಾಡಿಸಿ ಹೆಣ್ಣಿಗೆ ತಂದ್ರು ಅಂತ ಜನ ಆಡ್ಕೊಂಡಾರು.”

“ಆಡ್ಕೊಳ್ಳಲಿ ಬಿಡ್ರಿ. ಮಸ್ತ್ ಮಾಡಿಕೊಡ್ತೀನಿ. ಒಯ್ದು, ನಿಮ್ಮ ಕೈಲೇ ಜೋಡಿಸಿ, ತಲಿ ಎತ್ಕೊಂಡ ತರ್ರಿ. ನನ್ನ ಮಗಳಿಗೆ ಕಡಿಮಿ ಆರತಿ ಬರಾಕ ನಾ ಬಿಡ್ತೀನೇನು?”

ಹುಣ್ಣಿಮೆಯ ದಿನ ಬೀಗರು ವಾಲಗ ಊದಿಸಿಕೊಂಡು ಬಂದರು. ಕ್ವಾರ್ಟರ್ಸಿನ ಹೆಂಗಸರೆಲ್ಲ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಒಬ್ಬರ ಹಿಂದೊಬ್ಬರು ಹೊತ್ತು ತಂದ ತಟ್ಟೆಗಳನ್ನು ಪಡಸಾಲೆಯಲ್ಲಿ ಇಳಿಸಿ ಮುಸುಕು ತೆಗೆದಾಗ ಎಲ್ಲರೂ ಕತ್ತು ಚಾಚಿ ನೋಡಿದರು. ಯಲ್ಲಕ್ಕ ಮಾತ್ರ ಏನೂ ಗೊತ್ತಿಲ್ಲದವಳ ಹಾಗೆ ಗಲ್ಲದ ಮೇಲೆ ಕೈಯಿಟ್ಟು, “ಅಬ್ಬಾ! ಎಂಥಾ ಆರತಿ ಮಾಡಿಸ್ಯಾರ್ರೀ ನಿಮ್ಮ ಬೀಗರು! ಯಾರ ಕೈಯೋ ಏನೋ!” ಎಂದಳು.

ಎರ್ರಮ್ಮ ಸೆರಗು ಸರಿಮಾಡಿಕೊಂಡು, ಮೊದಲ ಸಲ ನೋಡುವವಳ ಹಾಗೆ ಒಂದೊಂದೇ ತಟ್ಟೆಯ ಮುಂದೆ ನಿಂತು ನಿಧಾನವಾಗಿ ನೋಡಿದಳು.

“ಚಲೋ ಅದಾವ,” ಎಂದಳು. “ಭಾಳ ಚಲೋ ಅದಾವ.”